ಕೇಳಿಸದವರ ಮಾತೂ ಪ್ರಮಾಣ

ಛಾಂದೋಗ್ಯ ಉಪನಿಷತ್ತಿನ ಐದನೆಯ ಅಧ್ಯಾಯದಲ್ಲಿ ಇಂದ್ರಿಯಗಳು ಜಗಳಕ್ಕೆ ಬಿದ್ದ ಕತೆ ಬರುತ್ತದೆ. ನಮ್ಮಲ್ಲಿ ಯಾರು ಹೆಚ್ಚು ಎಂದು ವಾದಿಸಿ ಬಗೆಹರಿಯದೆ ಅವು ಪ್ರಜಾಪತಿಯ ಬಳಿಗೆ ಹೋಗುತ್ತವೆ. ಯಾರು ಹೊರಟುಹೋದರೆ ಶರೀರದ ಗತಿ ಎಲ್ಲಕ್ಕಿಂತ ಕೆಡುತ್ತದೋ ಅವರೇ ಹೆಚ್ಚು ಎಂದು ಅವನು ಹೇಳಿಬಿಡುತ್ತಾನೆ. ಮಾತು ಒಂದು ವರ್ಷ ಹೊರಗಿದ್ದು ಬರುತ್ತದೆ, ಕಣ್ಣೂ ಒಂದು ವರ್ಷ. ಸರದಿ ಬಂದಾಗ ಕಿವಿ ಹೊರಡುತ್ತದೆ. ವರ್ಷ ಕಳೆದು ಮರಳಿ, ನಾನಿಲ್ಲದೆ ಹೇಗಿದ್ದಿರಿ ಎಂದು ವಿಚಾರಿಸುತ್ತದೆ. ಕಿವುಡರು ಇರುವ ಹಾಗೆ ಇದ್ದೆವು ಎಂಬುದು ಉಳಿದವರ ಉತ್ತರ. ಕೇಳಿಸುತ್ತಿರಲಿಲ್ಲ ಅಷ್ಟೆ, ಉಸಿರು ಆಡುತ್ತಿತ್ತು, ಬಾಯಿ ಮಾತಾಡುತ್ತಿತ್ತು, ಕಣ್ಣು ನೋಡುತ್ತಿತ್ತು, ಮನಸ್ಸು ಯೋಚಿಸುತ್ತಿತ್ತು. ಕಿವಿ ಮರುಮಾತಿಲ್ಲದೆ ಒಳಸೇರುತ್ತದೆ. ಕೊನೆಗೆ ಪ್ರಾಣ ಹೊರಡಲು ಎದ್ದಾಗ ಎಲ್ಲರ ಬುಡವೂ ಅಲ್ಲಾಡಿ, ಅದೇ ದೊಡ್ಡದೆಂದು ಒಪ್ಪಿಕೊಳ್ಳುತ್ತವೆ. ಪ್ರಾಣದ ಹಿರಿಮೆ ಹೇಳಲು ಹೊರಟ ಕತೆ ಇದು, ಕಿವಿಯನ್ನು ಹಳಿಯುವ ಉದ್ದೇಶ ಅದಕ್ಕಿಲ್ಲ. ಆದರೂ ಯಾರೂ ಪ್ರಶ್ನಿಸದ ಎರಡು ಸಂಗತಿ ಅದರೊಳಗೆ ಕೂತಿವೆ. ಕಿವಿ ಹೋದರೂ ಮನಸ್ಸು ಎಂದಿನಂತೆ ನಡೆಯುತ್ತದೆ ಎಂಬುದು ಒಂದು. ಕಿವುಡರ ಬದುಕು ಹೇಗಿರುತ್ತದೆ ಎಂದು ಹೇಳಿದವರು ಕಣ್ಣು, ಬಾಯಿ, ಮನಸ್ಸುಗಳು, ಕಿವುಡರನ್ನು ಯಾರೂ ಕೇಳಲಿಲ್ಲ ಎಂಬುದು ಇನ್ನೊಂದು. ವಯಸ್ಸಾದವರ ಕಿವಿಯ ಬಗ್ಗೆ ಇವತ್ತಿನ ಸಂಶೋಧನೆ ಮೊದಲನೆಯದನ್ನು ಪಟ್ಟು ಹಿಡಿದು ಪರೀಕ್ಷಿಸುತ್ತಿದೆ. ಎರಡನೆಯದರ ಕಡೆ ಅದಕ್ಕೆ ಅಷ್ಟು ಗಮನವಿಲ್ಲ. ನನ್ನ ವಾದ ಈ ಎರಡನೆಯದರ ಬಗ್ಗೆ.

ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೊರತಂದ ಶ್ರವಣ ವರದಿಯ ಪ್ರಕಾರ ಜಗತ್ತಿನಲ್ಲಿ 43 ಕೋಟಿಗೂ ಹೆಚ್ಚು ಜನರಿಗೆ ಕಿವಿಯ ವಿಷಯದಲ್ಲಿ ನೆರವು ಬೇಕು. 2050ರ ಹೊತ್ತಿಗೆ ಈ ಸಂಖ್ಯೆ 70 ಕೋಟಿ ಆಗಬಹುದು. ಹೆಚ್ಚಳಕ್ಕೆ ಮುಖ್ಯ ಕಾರಣ ಜನ ಹೆಚ್ಚು ಕಾಲ ಬದುಕುತ್ತಿರುವುದು. ಭಾರತದಲ್ಲಿ 2011ರ ಜನಗಣತಿಯಲ್ಲೇ ಅರವತ್ತು ದಾಟಿದವರು 10 ಕೋಟಿ ಮೀರಿದ್ದರು, 2050ಕ್ಕೆ ಐವರಲ್ಲಿ ಒಬ್ಬರು ಆ ವಯಸ್ಸಿನವರಾಗುತ್ತಾರೆಂಬ ಅಂದಾಜಿದೆ. ಸಂಶೋಧನೆಗೆ ಸಿಗುವ ಹಣ, ಪ್ರಯೋಗಾಲಯ, ತರಬೇತಾದ ಕೈಗಳು ಇದೇ ವೇಗದಲ್ಲಿ ಬೆಳೆಯುವುದಿಲ್ಲ. ಹಾಗಾದರೆ ಯಾವ ಪ್ರಶ್ನೆ ಮೊದಲು, ಯಾವುದು ಆಮೇಲೆ? ಮೇಲ್ನೋಟಕ್ಕೆ ಇದು ಕಚೇರಿಯ ಕಡತದಲ್ಲಿ ಮುಗಿಯುವ ವಿಚಾರ. ಆದರೆ ಒಳಗಿನ ಕೋಶ ಸತ್ತದ್ದೇ ಮೂಲ ಎನ್ನುವ ಜೀವವಿಜ್ಞಾನಿ, ಕಿವಿ ಕೆಟ್ಟರೆ ಮಿದುಳಿಗೂ ಅಪಾಯ ಎನ್ನುವ ವೈದ್ಯ, ಸೊಸೆ ಅಡುಗೆಮನೆಯಿಂದ ಏನು ಹೇಳಿದಳೋ ತಿಳಿಯಲಿಲ್ಲ ಎನ್ನುವ ಮುದುಕ, ಈ ಮೂವರಲ್ಲಿ ಯಾರ ಮಾತಿನ ಮೇಲೆ ಪಟ್ಟಿ ಬರೆಯಬೇಕು ಎಂದು ಕೇಳಿಕೊಂಡ ಕೂಡಲೇ ಅದು ಜ್ಞಾನದ ಅಧಿಕಾರದ ಪ್ರಶ್ನೆಯಾಗುತ್ತದೆ. ನಮ್ಮ ದಾರ್ಶನಿಕರು ಶತಮಾನಗಟ್ಟಲೆ ತಲೆ ಕೆಡಿಸಿಕೊಂಡದ್ದು ಇಂಥ ಪ್ರಶ್ನೆಗಾಗಿಯೇ.

ನ್ಯಾಯದರ್ಶನ ತನ್ನ ಮೊದಲ ಸೂತ್ರದಲ್ಲೇ ಹದಿನಾರು ಪದಾರ್ಥಗಳನ್ನು ಎಣಿಸುತ್ತದೆ. ತಿಳಿವಿನ ಸಾಧನವಾದ ಪ್ರಮಾಣ, ತಿಳಿಯಬೇಕಾದ ಪ್ರಮೇಯ ಆದ ಮೇಲೆ ಬರುವುದು ಸಂಶಯ, ಅದರ ಬೆನ್ನಿಗೇ ಪ್ರಯೋಜನ. ಏನೇನೂ ತಿಳಿಯದ ವಿಷಯದಲ್ಲಿ ತರ್ಕಕ್ಕೆ ಕೆಲಸವಿಲ್ಲ, ತೀರ್ಮಾನವಾಗಿಹೋದ ವಿಷಯದಲ್ಲೂ ಇಲ್ಲ, ಸಂಶಯ ಇರುವಲ್ಲಿಯೇ ಅದು ಶುರುವಾಗುವುದು ಎನ್ನುತ್ತಾನೆ ಭಾಷ್ಯಕಾರ ವಾತ್ಸ್ಯಾಯನ. ಆದರೆ ಲೋಕದಲ್ಲಿ ಸಂಶಯಗಳಿಗೇನು ಬರವೇ? ಯಾವುದರ ಬೆನ್ನು ಹತ್ತಬೇಕೆಂದು ತೋರಿಸುವುದು ಪ್ರಯೋಜನ: ಮನುಷ್ಯ ಏನನ್ನು ಪಡೆಯಲು ಅಥವಾ ಏನನ್ನು ದೂರವಿಡಲು ಪ್ರಯತ್ನಕ್ಕೆ ಇಳಿಯುತ್ತಾನೋ ಅದು. ಸಂಶಯವನ್ನು ಗುರುತಿಸುವುದಕ್ಕೆ ಪರಿಣತಿ ಬೇಕು, ಅದು ವಿಜ್ಞಾನಿಗೆ ಇದೆ. ಪ್ರಯೋಜನವನ್ನು ಹೇಳಬೇಕಾದವನು ಯಾರು? ಇಲ್ಲಿ ಅದೇ ದರ್ಶನದ ಇನ್ನೊಂದು ಮಾತು ನೆರವಿಗೆ ಬರುತ್ತದೆ. ಶಬ್ದವನ್ನು, ಅಂದರೆ ಇನ್ನೊಬ್ಬರ ಮಾತನ್ನು, ಪ್ರಮಾಣವೆಂದು ಒಪ್ಪುವಾಗ ಸೂತ್ರಕಾರ ಗೌತಮ ಅದನ್ನು ಆಪ್ತನ ಉಪದೇಶ ಎಂದು ಕಟ್ಟಿಹಾಕುತ್ತಾನೆ. ವಿಷಯವನ್ನು ತಾನೇ ನೇರವಾಗಿ ಕಂಡವನು, ಕಂಡದ್ದನ್ನು ಕಂಡ ಹಾಗೆ ತಿಳಿಸಬೇಕೆಂಬ ಇಚ್ಛೆಯಿಂದ ಮಾತಾಡುವವನು ಆಪ್ತ ಎಂದು ವಾತ್ಸ್ಯಾಯನ ವಿವರಿಸಿ, ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನ ಎಂದು ಸೇರಿಸುತ್ತಾನೆ. ಇದು ದಿಟ್ಟ ಮಾತು. ಹುಟ್ಟು, ಪದವಿ, ಪಾಂಡಿತ್ಯ ಯಾವುದನ್ನೂ ಅವನು ಲೆಕ್ಕಕ್ಕೆ ಹಿಡಿಯಲಿಲ್ಲ. ನೇರ ಅನುಭವ ಮತ್ತು ಪ್ರಾಮಾಣಿಕತೆಯನ್ನಷ್ಟೇ ಹಿಡಿದ. ಈ ಅಳತೆಯಲ್ಲಿ, ಕಿವಿ ಮಂದವಾದ ಮೇಲೆ ದಿನ ಹೇಗೆ ಸಾಗುತ್ತದೆ, ಏನೇನು ಕೈತಪ್ಪುತ್ತದೆ ಎಂಬ ವಿಷಯದಲ್ಲಿ ಆಪ್ತ ಎನಿಸಿಕೊಳ್ಳುವವರು ಕಿವಿ ಮಂದವಾದವರು. ಅವರ ಮಾತನ್ನು ಸೌಜನ್ಯಕ್ಕಾಗಿ ಕೇಳಿಸಿಕೊಂಡು ಬದಿಗಿಡುವುದು, ಇರುವ ಪ್ರಮಾಣವೊಂದನ್ನು ಕೈಬಿಟ್ಟು ತೀರ್ಪು ಬರೆದಂತೆ.

ಹಾಗೆ ಕೈಬಿಟ್ಟದ್ದಕ್ಕೆ ದಾಖಲೆಯೂ ಇದೆ. ಬ್ರಿಸ್ಟಲ್‌ನ ಸಂಶೋಧಕರು ಮಂಡಿಯ ಸಂಧಿವಾತದ ಬಗ್ಗೆ ನಡೆದ ಅಧ್ಯಯನಗಳನ್ನೂ, ಆ ರೋಗಿಗಳು ಯಾವುದರ ಮೇಲೆ ಸಂಶೋಧನೆ ಆಗಬೇಕೆಂದು ಬಯಸುತ್ತಾರೆಂಬುದನ್ನೂ ಅಕ್ಕಪಕ್ಕ ಇಟ್ಟು ನೋಡಿ 2000ದಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದರು. ಅಧ್ಯಯನಗಳು ಬಹುಪಾಲು ಮಾತ್ರೆ ಮತ್ತು ಶಸ್ತ್ರಚಿಕಿತ್ಸೆಯ ಸುತ್ತ ಇದ್ದವು. ರೋಗಿಗಳಿಗೆ ಬೇಕಾಗಿದ್ದದ್ದು ಬೇರೆ. ಇಂಥ ಅಂತರವನ್ನು ಮುಚ್ಚಲೆಂದು ಬ್ರಿಟನ್ನಿನಲ್ಲಿ 2004ರಲ್ಲಿ ಜೇಮ್ಸ್ ಲಿಂಡ್ ಅಲಯನ್ಸ್ ಹುಟ್ಟಿತು. 1747ರಲ್ಲಿ ಹಡಗಿನ ಮೇಲೆ ಹನ್ನೆರಡು ಮಂದಿ ಸ್ಕರ್ವಿ ರೋಗಿಗಳನ್ನು ಇಬ್ಬಿಬ್ಬರಂತೆ ಬೇರ್ಪಡಿಸಿ, ಕಿತ್ತಳೆ-ನಿಂಬೆ ತಿಂದವರು ಚೇತರಿಸಿಕೊಂಡದ್ದನ್ನು ತೋರಿಸಿದ ನೌಕಾ ವೈದ್ಯನ ಹೆಸರು ಅದು. ರೋಗಿಗಳು, ಅವರನ್ನು ನೋಡಿಕೊಳ್ಳುವವರು, ಚಿಕಿತ್ಸೆ ಕೊಡುವವರು ಒಟ್ಟಿಗೆ ಕೂತು, ಉತ್ತರವಿಲ್ಲದ ಪ್ರಶ್ನೆಗಳನ್ನು ಕೂಡಿಸಿ, ಸೋಸಿ, ಮೇಲಿನ ಹತ್ತನ್ನು ಆರಿಸುವುದು ಇಲ್ಲಿನ ಪದ್ಧತಿ. ಔಷಧ ಕಂಪನಿಗಳಿಗೆ ಇಲ್ಲಿ ಮತವಿಲ್ಲ. ರೋಗಿಗಳನ್ನು ನೋಡದೆ ಸಂಶೋಧನೆಯನ್ನಷ್ಟೇ ಮಾಡುವವರಿಗೂ ಇಲ್ಲ. ವಯಸ್ಕರ ಅಲ್ಪ ಮತ್ತು ಮಧ್ಯಮ ಪ್ರಮಾಣದ ಶ್ರವಣದೋಷದ ಬಗ್ಗೆ ಹೀಗೆ ತಯಾರಾದ ಪಟ್ಟಿ 2015ರಲ್ಲಿ ಪ್ರಕಟವಾಯಿತು. ಶ್ರವಣ ಸಾಧನವನ್ನು ಬೇಗ ಹಾಕಿಕೊಂಡರೆ ಬುದ್ಧಿ ಮಂಕಾಗುವುದು ತಡವಾಗುತ್ತದೆಯೇ ಎಂಬ ವೈದ್ಯರ ಮೆಚ್ಚಿನ ಪ್ರಶ್ನೆ ಅದರಲ್ಲೂ ಇತ್ತು. ಅದರ ಜೊತೆಗೆ ಇನ್ನೊಂದು ಪ್ರಶ್ನೆಯಿತ್ತು: ಕಿವಿ ಪರೀಕ್ಷೆ ಮಾಡುತ್ತೀರಲ್ಲ, ಅದು ನಾವು ದಿನನಿತ್ಯ ಕೇಳುವುದನ್ನು ಎಷ್ಟರಮಟ್ಟಿಗೆ ಅಳೆಯುತ್ತದೆ?

ಈ ಪ್ರಶ್ನೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಹೊರಗಿನ ಸದ್ದು ನುಗ್ಗದ ಸಣ್ಣ ಕೋಣೆಯಲ್ಲಿ ಕೂರಿಸುತ್ತಾರೆ, ಕಿವಿಗೆ ಹೆಡ್‌ಫೋನ್ ಏರಿಸುತ್ತಾರೆ, ಕೈಗೆ ಗುಂಡಿ ಕೊಡುತ್ತಾರೆ. 250 ಹರ್ಟ್ಸ್‌ನ ಮಂದ್ರದಿಂದ 8,000 ಹರ್ಟ್ಸ್‌ನ ತಾರದವರೆಗೆ ಒಂದೊಂದೇ ಶುದ್ಧ ಸ್ವರ, ಕೇಳಿಸಿದಾಗ ಒತ್ತಬೇಕು. ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಕತ್ತರಿ ಗುರುತು, ನಕ್ಷೆ ಸಿದ್ಧ. ವಯಸ್ಸಾದವರ ನಕ್ಷೆ ಎಡದಿಂದ ಬಲಕ್ಕೆ ಇಳಿಜಾರಾಗಿರುತ್ತದೆ, ಯಾಕೆಂದರೆ ಮೊದಲು ಹೋಗುವುದು ತಾರದ ಸದ್ದು. ಮಾತಿನಲ್ಲಿ ಸ್ವರಗಳ ಶಕ್ತಿಯೆಲ್ಲ ಕೆಳಗಿನ ಆವರ್ತನದಲ್ಲಿ, ಸ, ಶ, ತ, ಕಗಳಂಥ ವ್ಯಂಜನಗಳ ಗುರುತು ಮೇಲಿನದರಲ್ಲಿ. ಆದ್ದರಿಂದ ಸಾಲು, ಕಾಲು, ಹಾಲು, ಪಾಲು ನಾಲ್ಕೂ ಅಂಥವರ ಕಿವಿಗೆ ಹೆಚ್ಚುಕಡಿಮೆ ‘ಆಲು’ ಆಗಿ ಬೀಳುತ್ತವೆ. ಕೇಳಿಸುತ್ತದೆ, ಆದರೆ ತಿಳಿಯುವುದಿಲ್ಲ ಎಂದು ಅವರು ಹೇಳುವುದು ಇದಕ್ಕೇ; ಮನೆಯವರು ಅದನ್ನು ‘ಬೇಕಾದ್ದು ಮಾತ್ರ ಕೇಳಿಸುತ್ತೆ’ ಎಂದು ತಿದ್ದುವುದೂ ಇದಕ್ಕೇ. ನಿಶ್ಶಬ್ದ ಕೋಣೆಯಲ್ಲಿ, ಒಬ್ಬರೇ ಎದುರು ಕೂತು ಮಾತಾಡಿದರೆ ಸಂದರ್ಭ ನೋಡಿ ಊಹಿಸಿಕೊಳ್ಳಬಹುದು. ಮದುವೆ ಛತ್ರದಲ್ಲಿ, ಮಿಕ್ಸಿ ತಿರುಗುವ ಅಡುಗೆಮನೆಯಲ್ಲಿ, ಟಿವಿ ಹಾಕಿರುವ ಹಜಾರದಲ್ಲಿ ಊಹೆಯೂ ಕೈಕೊಡುತ್ತದೆ. ನಕ್ಷೆ ‘ಅಲ್ಪ ದೋಷ’ ಎನ್ನುತ್ತದೆ, ಮನುಷ್ಯ ‘ನಾನು ಮದುವೆಗೆ ಹೋಗುವುದನ್ನೇ ಬಿಟ್ಟೆ’ ಎನ್ನುತ್ತಾನೆ. ಎರಡೂ ಸುಳ್ಳಲ್ಲ. ಆದರೆ ಯಾವುದನ್ನು ಅಳತೆಗೋಲು ಮಾಡಿಕೊಂಡು ಸಂಶೋಧನೆ ನಡೆಸುತ್ತೇವೆ ಎಂಬುದರ ಮೇಲೆ ಯಾವುದನ್ನು ಯಶಸ್ಸೆಂದು ಕರೆಯುತ್ತೇವೆ ಎಂಬುದು ನಿಂತಿದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕನ್ನಡದ ಪದಪಟ್ಟಿಗಳೂ ಗದ್ದಲದ ನಡುವೆ ಕನ್ನಡ ವಾಕ್ಯ ಗ್ರಹಿಸುವ ಪರೀಕ್ಷೆಗಳೂ ತಯಾರಾಗಿವೆ. ಅಂಥ ಕೆಲಸಕ್ಕೆ ಪತ್ರಿಕೆಗಳಲ್ಲಿ ಸುದ್ದಿಯಿಲ್ಲ. ಕಿವಿಯ ಕೋಶ ಮತ್ತೆ ಬೆಳೆಯಿತಂತೆ ಎಂಬುದು ಮಾತ್ರ ಸುದ್ದಿ.

ಇನ್ನು ಮನಸ್ಸು ಎಂದಿನಂತೆ ಯೋಚಿಸುತ್ತಿತ್ತು ಎಂಬ ಉಪನಿಷತ್ತಿನ ಮಾತು. ಲ್ಯಾನ್ಸೆಟ್‌ನ ಡಿಮೆನ್ಷಿಯಾ ಆಯೋಗ 2017ರಿಂದಲೂ ಶ್ರವಣದೋಷವನ್ನು ಮರೆಗುಳಿತನದ ತಡೆಯಬಹುದಾದ ಕಾರಣಗಳಲ್ಲಿ ದೊಡ್ಡದೆಂದು ಎಣಿಸುತ್ತ ಬಂದಿದೆ. ಅದನ್ನು ಪರೀಕ್ಷಿಸಿದ ದೊಡ್ಡ ಪ್ರಯೋಗ ಅಮೆರಿಕದ ‘ಅಚೀವ್’. 70ರಿಂದ 84 ವಯಸ್ಸಿನ 977 ಜನರಲ್ಲಿ ಅರ್ಧಕ್ಕೆ ಶ್ರವಣ ಸಾಧನ ಮತ್ತು ಅದರ ತರಬೇತಿ, ಉಳಿದರ್ಧಕ್ಕೆ ಆರೋಗ್ಯದ ತಿಳಿವಳಿಕೆ, ಹೀಗೆ ಮೂರು ವರ್ಷ. 2023ರಲ್ಲಿ ಫಲಿತಾಂಶ ಬಂತು: ಒಟ್ಟಾರೆ ನೋಡಿದರೆ ಬುದ್ಧಿಶಕ್ತಿ ಇಳಿಯುವ ವೇಗದಲ್ಲಿ ಎರಡು ಗುಂಪುಗಳಿಗೂ ಎಣಿಸುವಂಥ ವ್ಯತ್ಯಾಸವಿಲ್ಲ. ಹೃದ್ರೋಗದ ಹಳೆಯ ಅಧ್ಯಯನವೊಂದರಿಂದ ಬಂದ, ಮೊದಲೇ ಹೆಚ್ಚು ಅಪಾಯದಲ್ಲಿದ್ದ ಸಣ್ಣ ಗುಂಪಿನಲ್ಲಿ ಮಾತ್ರ ಇಳಿತ ಶೇ 48ರಷ್ಟು ನಿಧಾನವಾಗಿತ್ತು. ಉತ್ಸಾಹಿಗಳು ಎರಡನೆಯದನ್ನು ಹಿಡಿದರು, ಅನುಮಾನಿಗಳು ಮೊದಲನೆಯದನ್ನು. ಅದೇ ಪ್ರಯೋಗದ ಇನ್ನೊಂದು ವಿಶ್ಲೇಷಣೆ 2025ರಲ್ಲಿ ಬಂದಾಗ ಅಷ್ಟು ಗಲಾಟೆಯಾಗಲಿಲ್ಲ. ಸಾಧನ ಹಾಕಿಕೊಂಡವರ ಒಡನಾಟದ ಬಳಗದಲ್ಲಿ ಮೂರು ವರ್ಷದ ಮೇಲೆ, ಇನ್ನೊಂದು ಗುಂಪಿಗೆ ಹೋಲಿಸಿದರೆ, ಸರಾಸರಿ ಒಬ್ಬ ಮನುಷ್ಯ ಹೆಚ್ಚಿಗೆ ಉಳಿದಿದ್ದ. ಒಬ್ಬ ಮನುಷ್ಯ! ಸಂಖ್ಯಾಶಾಸ್ತ್ರದ ಕಣ್ಣಿಗೆ ಅದು ಪುಟ್ಟ ಅಂಕಿ. ಎಪ್ಪತ್ತೆಂಟರ ವಯಸ್ಸಿನಲ್ಲಿ, ಸಂಜೆ ಮಾತಾಡಲು ಇರುವವರೇ ಮೂವರು ಎಂದಾಗ ಆ ಒಬ್ಬ ಎಷ್ಟು ಎಂಬುದನ್ನು ಯಾರ ಕೈಲಿ ತೂಗಿಸಬೇಕು? ಮರೆಗುಳಿತನದ ಭಯವನ್ನು ಮುಂದಿಟ್ಟರೆ ಹಣ ಬೇಗ ಸಿಗುತ್ತದೆ, ಒಪ್ಪುತ್ತೇನೆ. ಆದರೆ ಹಾಗೆ ಮಾಡಿದಾಗ ಕೇಳುವುದು ಮಿದುಳನ್ನು ಕಾಯುವ ಸಾಧನ ಮಾತ್ರವಾಗಿಬಿಡುತ್ತದೆ. ನಾಳೆ ಮಿದುಳಿಗೂ ಅದಕ್ಕೂ ಸಂಬಂಧ ಇಲ್ಲವೆಂದು ಸಾಬೀತಾದರೆ, ಮಾತು ಕೇಳಿಸಿಕೊಳ್ಳುವ ಸುಖಕ್ಕೆ ಬೆಲೆಯೇ ಇಲ್ಲವೆಂದು ಹೇಳಿದ ಹಾಗಾಗುತ್ತದೆ.

ಮೊದಲ ಆಕ್ಷೇಪ ವಿಜ್ಞಾನಿಗಳಿಂದ ಬರುತ್ತದೆ, ಅದು ಗಟ್ಟಿಯಾದದ್ದೇ. ನೋವು ಗೊತ್ತಿರುವವನಿಗೆ ಸಾಧ್ಯತೆ ಗೊತ್ತಿರುವುದಿಲ್ಲ. ಒಳಗಿವಿಯ ರೋಮಕೋಶ ಸಸ್ತನಿಗಳಲ್ಲಿ ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ, ಹಕ್ಕಿಗಳಲ್ಲಿ ಹುಟ್ಟುತ್ತದೆ ಎಂಬುದು 1988ರ ಸುಮಾರಿಗೆ ಖಚಿತವಾಯಿತು. ಯಾವ ಮುದುಕರ ಸಭೆಯೂ ಕೋಳಿಮರಿಯ ಕಿವಿ ಪರೀಕ್ಷಿಸಿ ಎಂದು ಕೇಳುತ್ತಿರಲಿಲ್ಲ. 2024ರಲ್ಲಿ ಪ್ರಕಟವಾದ ಶಾಂಘೈಯ ಪ್ರಯೋಗದಲ್ಲಿ, ಒಂದೇ ಜೀನಿನ ದೋಷದಿಂದ ಹುಟ್ಟುಗಿವುಡರಾದ ಮಕ್ಕಳಿಗೆ ಜೀನ್ ಚಿಕಿತ್ಸೆ ಕೊಟ್ಟು ಕೇಳುವಂತೆ ಮಾಡಿದ್ದರ ಹಿಂದೆಯೂ ಹೀಗೆ ಯಾರೂ ಕೇಳದ ಎಷ್ಟೋ ವರ್ಷಗಳ ಕೆಲಸವಿದೆ. ಮೂಲ ವಿಜ್ಞಾನದ ಕುತೂಹಲವನ್ನು ಮತಕ್ಕೆ ಹಾಕಬಾರದು ಎಂಬುದನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಆಕ್ಷೇಪ ಹೊಡೆಯುವುದು ಬೇರೆ ಗುರಿಗೆ. ದಾರಿ ಯಾವುದೆಂದು ಆಪ್ತನನ್ನು ಕೇಳಿ ಎಂದು ಇಲ್ಲಿ ಯಾರೂ ಹೇಳುತ್ತಿಲ್ಲ. ಸೇರಬೇಕಾದ ಊರು ಯಾವುದೆಂದು ಕೇಳಿ ಎನ್ನುತ್ತಿದ್ದೇವೆ. ರೋಮಕೋಶ ಬೆಳೆಸುವ ಎಫ್‌ಎಕ್ಸ್-322 ಎಂಬ ಔಷಧ 2023ರಲ್ಲಿ ಪರೀಕ್ಷೆಯಲ್ಲಿ ಸೋತಾಗ ಆ ದಾರಿಯೇ ತಪ್ಪೆಂದು ತೀರ್ಮಾನಿಸಬೇಕಾಗಿಲ್ಲ. ಅದು ಗೆದ್ದಿದ್ದರೂ ಗದ್ದಲದಲ್ಲಿ ಮಾತು ತಿಳಿಯಿತೇ ಎಂದು ಕೇಳಬೇಕಾಗುತ್ತಿತ್ತು, ಆ ಉತ್ತರ ಬರುವುದು ಇಲಿಯಿಂದಲ್ಲ.

ಎರಡನೆಯ ಆಕ್ಷೇಪ ಇದಕ್ಕಿಂತ ಆಳವಾದದ್ದು. ವಯಸ್ಸಾದವರನ್ನು ಕೇಳಿದರೆ ಏನು ಹೇಳುತ್ತಾರೆ? ‘ವಯಸ್ಸಾಯ್ತಲ್ಲ, ಇನ್ನು ಕೇಳಿಸಿಕೊಂಡು ಏನಾಗಬೇಕು ಬಿಡಪ್ಪ’ ಎನ್ನುತ್ತಾರೆ. ಅಭಾವಕ್ಕೆ ಒಗ್ಗಿದವರ ಮಾತನ್ನು ಪ್ರಮಾಣವೆಂದು ಹಿಡಿದರೆ ಅಭಾವವೇ ಗೆಲ್ಲುತ್ತದೆ. ಅಮರ್ತ್ಯ ಸೇನ್ ಇದಕ್ಕೊಂದು ಮರೆಯಲಾಗದ ಉದಾಹರಣೆ ಕೊಡುತ್ತಾರೆ. ಬಂಗಾಳದ ಬರಗಾಲದ ಮರುವರ್ಷ, 1944ರಲ್ಲಿ, ಕಲ್ಕತ್ತೆಯ ಹತ್ತಿರದ ಸಿಂಗೂರಿನಲ್ಲಿ ನಡೆದ ಸಮೀಕ್ಷೆಯಲ್ಲಿ ಹೆಂಡತಿ ಸತ್ತ ಗಂಡಸರಲ್ಲಿ ಶೇ 48.5ರಷ್ಟು ಮಂದಿ ತಮಗೆ ಕಾಯಿಲೆ ಅಥವಾ ಆರೋಗ್ಯ ಸರಿಯಿಲ್ಲ ಎಂದರು. ಗಂಡ ಸತ್ತ ಹೆಂಗಸರಲ್ಲಿ ಹಾಗೆಂದವರು ಶೇ 2.5. ವಿಧವೆಯರು ಅಷ್ಟು ಗಟ್ಟಿಮುಟ್ಟಾಗಿದ್ದರೇ? ದೂರು ಹೇಳಿಕೊಳ್ಳುವ ಹಕ್ಕು ತಮಗಿದೆ ಎಂದೇ ಅವರಿಗೆ ಅನಿಸಿರಲಿಲ್ಲ. ಈ ಆಕ್ಷೇಪವನ್ನು ತಳ್ಳಿಹಾಕಲಾಗದು, ನಮ್ಮ ಹಳ್ಳಿಗಳ ಮುದುಕಿಯರ ವಿಷಯದಲ್ಲಂತೂ ಅದು ಹಾಗೇ ಅನ್ವಯಿಸುತ್ತದೆ. ಆದರೆ ಇದರಿಂದ ಹೊರಡುವುದು ಅವರನ್ನು ಕೇಳಬೇಡಿ ಎಂಬ ತೀರ್ಮಾನವಲ್ಲ. ಆಪ್ತನ ಲಕ್ಷಣದಲ್ಲಿ ಎರಡು ಭಾಗವಿದೆ ಎಂದೆನಲ್ಲ, ನೇರವಾಗಿ ಕಂಡಿರಬೇಕು ಮತ್ತು ತಿಳಿಸುವ ಇಚ್ಛೆ ಇರಬೇಕು. ಮೊದಲನೆಯದು ಅವರಲ್ಲಿ ಇದೆ. ಎರಡನೆಯದನ್ನು ನಾವೇ ಹೊಸಕಿಹಾಕಿದ್ದೇವೆ. ‘ಕಿವಿ ಹೇಗಿದೆ?’ ಎಂದರೆ ‘ಚೆನ್ನಾಗಿದೆ’ ಎಂಬ ಉತ್ತರವೇ ಬರುವುದು. ಕಳೆದ ಹಬ್ಬದಲ್ಲಿ ಯಾರ ಹತ್ತಿರ ಕೂತಿದ್ದಿರಿ, ಏನು ಮಾತಾಡಿದಿರಿ, ಬ್ಯಾಂಕಿನಲ್ಲಿ ಕೌಂಟರಿನವರು ಹೇಳಿದ್ದು ತಿಳಿಯಿತೇ, ಫೋನು ಬಂದರೆ ಯಾರು ಎತ್ತುತ್ತಾರೆ ಎಂದು ಕೇಳಿ ನೋಡಬೇಕು. ಕೆಲವು ತಿಂಗಳು ಸಾಧನ ಹಾಕಿಕೊಂಡು ತೆಗೆದವರನ್ನು ಬೇರೆಯಾಗಿ ಕೇಳಬೇಕು, ಯಾಕೆಂದರೆ ಎರಡೂ ಸ್ಥಿತಿ ಕಂಡವರು ಅವರು. ಸಾಕ್ಷಿ ಹೆದರಿದ್ದರೆ ಸಾಕ್ಷಿಯನ್ನೇ ಕೈಬಿಡುವ ನ್ಯಾಯಾಧೀಶರಿಲ್ಲ.

ಮೂರನೆಯದು ಧಾರ್ಮಿಕ ಆಕ್ಷೇಪ, ಮನೆಗಳಲ್ಲಿ ಹೆಚ್ಚಾಗಿ ಕೇಳಿಬರುವುದು ಇದೇ. ಇಂದ್ರಿಯಗಳು ಹಿಂದೆ ಸರಿಯುವುದು ಮುಪ್ಪಿನ ಧರ್ಮ, ಅದು ವೈರಾಗ್ಯಕ್ಕೆ ದಾರಿ, ಹೊರಗಿನ ಸದ್ದು ನಿಂತರೆ ಒಳಗಿನದು ಕೇಳಿಸೀತು, ಇದಕ್ಕೇಕೆ ಸಂಶೋಧನೆ? ಕೇಳಲು ಹಿತವಾಗಿದೆ, ಹೇಳುವವರು ಸಾಮಾನ್ಯವಾಗಿ ಕಿವಿ ಚೆನ್ನಾಗಿರುವವರು. ವೈರಾಗ್ಯ ಎಂದರೆ ಇರುವುದನ್ನು ತಾನಾಗಿ ಬಿಡುವುದು. ಕಿತ್ತುಕೊಂಡದ್ದನ್ನು ಬಿಟ್ಟೆ ಎಂದರೆ ಶಾಸ್ತ್ರವೂ ಒಪ್ಪದು. ಅದಕ್ಕಿಂತ ಮುಖ್ಯವಾದದ್ದು, ನಮ್ಮ ಪರಂಪರೆಯಲ್ಲಿ ಜ್ಞಾನದ ಮೊದಲ ಮೆಟ್ಟಿಲೇ ಶ್ರವಣ. ಮನನ, ನಿದಿಧ್ಯಾಸನ ಆಮೇಲೆ. ಬೃಹದಾರಣ್ಯಕದಲ್ಲಿ ಯಾಜ್ಞವಲ್ಕ್ಯ ಮೈತ್ರೇಯಿಗೆ ಇದನ್ನು ಹೇಳುವುದು ಮನೆ ಬಿಟ್ಟು ಹೊರಡುವ ಹೊತ್ತಿನಲ್ಲಿ, ಸಂಸಾರ ಮುಗಿಸುವವನು ಇನ್ನು ಕೇಳಬೇಕಾಗಿಲ್ಲ ಎಂದು ಅವನು ಹೇಳಲಿಲ್ಲ. ನಮ್ಮ ಊರುಗಳಲ್ಲಿ ಪ್ರವಚನ, ಗಮಕ, ಹರಿಕಥೆಗಳ ಮುಂದಿನ ಸಾಲಿನಲ್ಲಿ ಕೂರುವವರು ಯಾರು? ಶುಕ್ರವಾರದ ಖುತ್ಬಾ, ಭಾನುವಾರದ ಉಪದೇಶ ಎಲ್ಲವೂ ಕಿವಿಯ ಮೂಲಕವೇ ಬರಬೇಕು. ಧರ್ಮಕ್ಕೆ ಬಿಡುವು ಸಿಗುವ ವಯಸ್ಸಿನಲ್ಲೇ ಧರ್ಮ ಬರುವ ಬಾಗಿಲು ಮುಚ್ಚುತ್ತದೆ. ಕಿವುಡನ ಮುಂದೆ ಕಿನ್ನರಿ ಬಾರಿಸಿದಂತೆ ಎಂದು ಗಾದೆ ಮಾಡಿಕೊಂಡ ನಾವು, ಬಾರಿಸುವವನ ಶ್ರಮ ವ್ಯರ್ಥವಾಯಿತೆಂದಷ್ಟೇ ಮರುಗಿದ್ದೇವೆ.

ಮಕ್ಕಳು ಮೊದಲಾಗಬೇಡವೇ ಎಂಬ ಮಾತೂ ಇದೆ. ಪ್ರತಿಯೊಬ್ಬರಿಗೂ ಬದುಕಿನಲ್ಲಿ ನ್ಯಾಯವಾದ ಒಂದು ಪಾಲು ಉಂಟು, ಅದನ್ನು ಪಡೆದವರಿಗಿಂತ ಪಡೆಯದವರಿಗೆ ಆದ್ಯತೆ ಎಂದು ಆರೋಗ್ಯ ಅರ್ಥಶಾಸ್ತ್ರಜ್ಞ ಅಲನ್ ವಿಲಿಯಮ್ಸ್ 1997ರಲ್ಲಿ ವಾದಿಸಿದ್ದರು. ಸೇವೆಯ ವಿಷಯದಲ್ಲಿ ನಾನು ಇದಕ್ಕೆ ಎದುರಾಡುವುದಿಲ್ಲ: ಹುಟ್ಟಿದ ಕೂಡಲೇ ಮಗುವಿನ ಕಿವಿ ಪರೀಕ್ಷೆ ಆಗಲಿ, ಬೇಕಾದವರಿಗೆ ಕಾಕ್ಲಿಯರ್ ಇಂಪ್ಲಾಂಟ್ ಮೊದಲು ಸಿಗಲಿ. ಆದರೆ ಅಲ್ಲಿ ಏನು ಮಾಡಬೇಕೆಂಬುದು ಬಹುಮಟ್ಟಿಗೆ ಗೊತ್ತಿದೆ. ಕೊರತೆ ಇರುವುದು ಹಣ ಮತ್ತು ಜನರದ್ದು. ವಯಸ್ಸಾದವರ ವಿಷಯದಲ್ಲಿ ಏನು ಮಾಡಬೇಕೆಂಬುದೇ ಪೂರ್ತಿ ಗೊತ್ತಿಲ್ಲ. ವಾತ್ಸ್ಯಾಯನನ ಮಾತಿನಂತೆ ಸಂಶಯ ಇರುವಲ್ಲಿ ತರ್ಕಕ್ಕೆ ಕೆಲಸ, ಹಾಗಾಗಿ ಸೇವೆಯ ಸರದಿಯೂ ಸಂಶೋಧನೆಯ ಸರದಿಯೂ ಒಂದೇ ಆಗಬೇಕಿಲ್ಲ.

ಬ್ರಿಟನ್ನಿನ ಪಟ್ಟಿಯನ್ನು ಹಾಗೇ ತಂದು ಇಲ್ಲಿ ಅಂಟಿಸಿದರೆ ಮತ್ತೆ ಇನ್ನೊಬ್ಬರ ಮಾತನ್ನು ನಮ್ಮವರ ಬಾಯಲ್ಲಿ ಇಟ್ಟಂತಾಗುತ್ತದೆ. ಅಲ್ಲಿ ಸರ್ಕಾರಿ ಆರೋಗ್ಯ ಸೇವೆ ಶ್ರವಣ ಸಾಧನವನ್ನು ಉಚಿತವಾಗಿ ಕೊಡುತ್ತದೆ, ಕೆಟ್ಟರೆ ಸರಿಮಾಡುತ್ತದೆ. ಇಲ್ಲಿ 2006-07ರಲ್ಲಿ ಕಿವುಡುತನ ತಡೆಯ ರಾಷ್ಟ್ರೀಯ ಕಾರ್ಯಕ್ರಮ ಬಂತು, 2017ರಲ್ಲಿ ಬಡ ವೃದ್ಧರಿಗೆ ಶಿಬಿರಗಳಲ್ಲಿ ಕಿವಿ ಮಷಿನ್ ಸಹಿತ ಸಲಕರಣೆ ಹಂಚುವ ರಾಷ್ಟ್ರೀಯ ವಯೋಶ್ರೀ ಯೋಜನೆ ಬಂತು. ಹಂಚಿದ ಮಷಿನ್‌ಗಳ ಲೆಕ್ಕ ವರದಿಯಲ್ಲಿ ಸುಲಭವಾಗಿ ಸಿಗುತ್ತದೆ. ಆರು ತಿಂಗಳ ಮೇಲೆ ಅದು ಕಿವಿಯಲ್ಲಿದೆಯೋ ಬೀರುವಿನಲ್ಲಿದೆಯೋ, ಬ್ಯಾಟರಿ ಮುಗಿದಾಗ ತರುವವರು ಯಾರು, ಬೆವರಿಗೆ, ಎಣ್ಣೆ ಸ್ನಾನಕ್ಕೆ, ಹೊಲದ ದೂಳಿಗೆ ಅದು ಎಷ್ಟು ದಿನ ತಾಳಿತು, ಎಲ್ಲರೂ ಒಟ್ಟಿಗೆ ಮಾತಾಡುವ ಮನೆಯಲ್ಲಿ ಅದರಿಂದ ಉಪಯೋಗವಾಯಿತೋ ತಲೆನೋವಾಯಿತೋ ಎಂಬುದು ಸಂಶೋಧನೆಯ ಪ್ರಶ್ನೆ ಎಂದೇ ನಮ್ಮಲ್ಲಿ ಅನಿಸುವುದು ಕಡಿಮೆ.

ಆದ್ದರಿಂದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಗೂ, 1965ರಿಂದ ಈ ನೆಲದಲ್ಲಿ ಕಿವಿಯ ಕೆಲಸ ಮಾಡುತ್ತಿರುವ ಮೈಸೂರಿನ ಸಂಸ್ಥೆಗೂ ಒಂದು ಮನವಿ. ವೃದ್ಧರ ಶ್ರವಣದ ಬಗ್ಗೆ ಮುಂದಿನ ಸಂಶೋಧನಾ ಪ್ರಸ್ತಾವಗಳನ್ನು ಕರೆಯುವ ಮೊದಲು, ಕಿವಿ ಮಂದವಾದ ಅರವತ್ತು ದಾಟಿದವರನ್ನು, ಅವರ ಮನೆಯವರನ್ನು, ಜಿಲ್ಲಾ ಆಸ್ಪತ್ರೆಯ ಆಡಿಯಾಲಜಿಸ್ಟ್‌ಗಳನ್ನು ಒಂದೇ ಮೇಜಿನ ಸುತ್ತ ಕೂರಿಸಿ, ಅವರವರ ಕನ್ನಡದಲ್ಲೇ ಪ್ರಶ್ನೆಗಳ ಪಟ್ಟಿ ಮಾಡಿಸಿ. ಮೈಸೂರಿನಲ್ಲಿ ಒಮ್ಮೆ, ರಾಯಚೂರಿನಲ್ಲಿ ಒಮ್ಮೆ, ಎರಡೂ ಪಟ್ಟಿ ಒಂದೇ ಆಗಿರಲಾರದು. ಸಭೆಯಲ್ಲಿ ಒಬ್ಬೊಬ್ಬರೇ ಮಾತಾಡಲಿ, ಮಾತಾಡುವವರ ಮುಖಕ್ಕೆ ಬೆಳಕಿರಲಿ, ಹೇಳಿದ್ದು ಪರದೆಯ ಮೇಲೆ ದೊಡ್ಡ ಅಕ್ಷರದಲ್ಲಿ ಮೂಡಲಿ, ಫ್ಯಾನಿನ ಸದ್ದು ನಿಲ್ಲಲಿ. ಕೊನೆಯಲ್ಲಿ ಮತ ಹಾಕುವಾಗ ಅವರಿಗೂ ತಜ್ಞರಷ್ಟೇ ತೂಕದ ಮತವಿರಲಿ.